ಮುತ್ತಯ್ಯನ ಹೆಬ್ಬೆರಳು

ಕೊಳ್ಳೇಗಾಲ ಬಿಟ್ಟು ಹನೂರಿನ ಕಡೆ ಹೊರಟರೆ, ಊರು ಮುಗಿಯಿತು ಅನ್ನುವ ಜಾಗದಲ್ಲಿ ಎಡಕ್ಕೊಂದು ಹುಣಸೆಮರ, ಅದರ ಕೆಳಗೆ ತಗಡಿನ ಶೆಡ್ಡು. ಅದು ಮುತ್ತಯ್ಯನ ಗ್ಯಾರೇಜು. ಬೋರ್ಡಿನ ಮೇಲಿನ ಹೆಸರು ಅಳಿಸಿಹೋಗಿ ಎಷ್ಟೋ ವರ್ಷವಾಗಿದೆ. ಅದರಿಂದ ಯಾರಿಗೂ ತೊಂದರೆಯಾಗಿಲ್ಲ. ಜನ ಅಲ್ಲಿಗೆ ಬರುತ್ತಿದ್ದದ್ದು ಬೋರ್ಡು ನೋಡಿ ಅಲ್ಲ, ಮುತ್ತಯ್ಯನ ಬಲಗೈ ಹೆಬ್ಬೆರಳನ್ನು ನಂಬಿ.

ಗಾಡಿ ಬಂದು ನಿಂತರೆ ಮುತ್ತಯ್ಯ ಅವಸರ ಮಾಡುವವನಲ್ಲ. ಬಾನೆಟ್ಟು ಎತ್ತಿ, ಗೇಜು ಕಡ್ಡಿ ಎಳೆದು, ತುದಿಗೆ ಅಂಟಿದ ಆಯಿಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಇಟ್ಟುಕೊಂಡು ಕಣ್ಣು ಮುಚ್ಚಿ ಉಜ್ಜುತ್ತಾನೆ. ಆಮೇಲೆ ಶುರು. ಆಯಿಲ್ ಹಾಕಿ ನಾಲ್ಕು ತಿಂಗಳಾಯಿತು, ಗಾಡಿ ಈಚೆಗೆ ಬೆಟ್ಟ ಹತ್ತಿ ಬಂದಿದೆ, ಓಡಿಸಿದವನು ನೀನಲ್ಲ, ನಿನ್ನ ಭಾವಮೈದ, ಅವನಿಗೆ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಚಾಳಿ. ಗಾಡಿಯವನು ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದ. ಪಾಲಾರ್ ಕಡೆಯಿಂದ ಬರುವ ತಮಿಳು ಲಾರಿ ಡ್ರೈವರುಗಳೂ ಕೈಮುಗಿದು ಹೋಗಿದ್ದುಂಟು.

ಇದರಲ್ಲಿ ಅರ್ಧ ಬೆರಳಿನದು, ಅರ್ಧ ಕಣ್ಣಿನದು. ಡ್ಯಾಶ್‌ಬೋರ್ಡಿನ ಮೇಲೆ ಹೊಸ ವಿಭೂತಿ ಪೊಟ್ಟಣ ಇದ್ದರೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಬಂದದ್ದು ಆಯಿಲಿಗಿಂತ ಮೊದಲು ಮುತ್ತಯ್ಯನಿಗೆ ಗೊತ್ತು. ಡ್ರೈವರ್ ಸೀಟು ಕುಳ್ಳನ ಗಾಡಿಯಲ್ಲಿ ಉದ್ದ ಕಾಲಿನವನ ಅಳತೆಗೆ ಹಿಂದೆ ಸರಿದಿದ್ದರೆ, ಆ ಮನೆಯ ಉದ್ದನೆಯ ಮನುಷ್ಯ ಯಾರು ಅಂತ ನೆನಪಿಸಿಕೊಂಡರಾಯಿತು. ಇದನ್ನು ಮೋಸ ಅನ್ನುವವರು ಅನ್ನಲಿ. ಆಯಿಲಿನೊಳಗಿನ ಸಣ್ಣ ಮರಳು, ಸವೆದ ಕಬ್ಬಿಣದ ಪುಡಿ, ಕಾದು ನೀರಾದ ತೆಳುವು, ಇವನ್ನೆಲ್ಲ ಆ ಹೆಬ್ಬೆರಳು ನಿಜವಾಗಿಯೂ ಕಂಡುಹಿಡಿಯುತ್ತಿತ್ತು. ಮೂವತ್ತೈದು ವರ್ಷದಲ್ಲಿ ಅದು ಎಷ್ಟೋ ಎಂಜಿನ್ ಉಳಿಸಿದೆ.

ಆ ಹೆಬ್ಬೆರಳು ಹೋದ ವರ್ಷ ದಸರಾ ಹೊತ್ತಿಗೆ ಸತ್ತುಹೋಯಿತು.

ಸಕ್ಕರೆ ಕಾಯಿಲೆ. ಮೊದಲು ಜೋಮು ಹಿಡಿದ ಹಾಗಿತ್ತು, ಆಮೇಲೆ ಏನೂ ಇಲ್ಲ. ಮೊದಲು ಪತ್ತೆ ಹಚ್ಚಿದವಳು ಹೆಂಡತಿ ಕುಸುಮ. ಒಲೆಯಿಂದ ಇಳಿಸಿದ ಟೀಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕೊಟ್ಟಳು, ಅವನು ಹೆಬ್ಬೆರಳಾನಿಸಿ ಹಿಡಿದುಕೊಂಡು ಕೊನೆಯವರೆಗೂ ಆರಾಮಾಗಿ ಕುಡಿದ. ಹದಿನಾರು ವರ್ಷ ರೇಷ್ಮೆ ನೂಲು ತೆಗೆಯುವ ಕಡೆ ಬಿಸಿನೀರಿನ ತೊಟ್ಟಿಗೆ ಕೈಹಾಕಿ ಗೂಡಿನ ಎಳೆ ಹುಡುಕಿದವಳು ಅವಳು. ಬೆರಳಿಗೆ ಬಿಸಿ ಗೊತ್ತಾಗದೆ ಹೋಗುವುದು ಅಂದರೇನು ಅಂತ ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಯಾವಾಗಿನಿಂದ ಅಂತ ಮಾತ್ರ ಕೇಳಿದಳು. ಅವನು ಹೇಳಿದ. ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಅಲ್ಲಿಂದಾಚೆಗೆ ಮುತ್ತಯ್ಯ ಬರೀ ಕಣ್ಣಿನಲ್ಲಿ, ಕಿವಿಯಲ್ಲಿ, ಮಾತಿನಲ್ಲಿ ಗ್ಯಾರೇಜು ನಡೆಸಿದ. ಬೆರಳು ಉಜ್ಜುವುದನ್ನು ಮಾತ್ರ ಬಿಡಲಿಲ್ಲ. ಮೊದಲಿಗಿಂತ ಸ್ವಲ್ಪ ಹೆಚ್ಚು ಹೊತ್ತೇ ಉಜ್ಜುತ್ತಿದ್ದ. ಪ್ರತಿ ಸಲ ಕಣ್ಣು ಮುಚ್ಚಿದಾಗಲೂ ಒಳಗೆ ಭಯವಾಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಇನ್ನು ಶಾಂತಮೂರ್ತಿಯ ವಿಚಾರ. ಯಳಂದೂರಿನ ರಸ್ತೆ ಕಂಟ್ರಾಕ್ಟರ್. ಸುತ್ತಮುತ್ತ ಹಾಕಿದ ರಸ್ತೆಗಿಂತ ಹಾಕಿದ ಹಂಪ್ಸುಗಳಿಂದಲೇ ಆತ ಹೆಸರುವಾಸಿ. ಅದರಲ್ಲೂ ಮಧುವನಹಳ್ಳಿಯದು. ಒಂದು ಕರುವಿಗೆ ಬೈಕು ಗುದ್ದಿತು ಅಂತ ಊರಿನವರು ಹಂಪ್ಸ್ ಕೇಳಿದರು. ಶಾಂತಮೂರ್ತಿಯ ಹತ್ತಿರ ಜಲ್ಲಿ, ಟಾರು ಮಿಕ್ಕಿತ್ತು. ಮಿಕ್ಕಿದ್ದನ್ನೆಲ್ಲ ಅಲ್ಲೇ ಸುರಿದು ರೋಲರ್ ಹೊಡೆಸಿಬಿಟ್ಟ. ಬಸ್ಸಿನ ಹಿಂದಿನ ಸೀಟಿನವರ ತಲೆ ಮೇಲಕ್ಕೆ ಬಡಿಯುತ್ತಿತ್ತು, ಟ್ರ್ಯಾಕ್ಟರಿನಿಂದ ಕಬ್ಬು ಉದುರುತ್ತಿತ್ತು. ಕುಸುಮಳ ತವರು ಆ ಊರೇ. ಗಂಡನ ಮೊಪೆಡ್ಡಿನ ಹಿಂದೆ ಕೂತು ಹೋಗುವಾಗಲೆಲ್ಲ ಅವಳ ಸೊಂಟ ಹಿಡಿದುಕೊಳ್ಳುತ್ತಿತ್ತು. ಊರಿನವರು ನಾಲ್ಕು ಸಲ ಹೋಗಿ ಕೇಳಿಕೊಂಡರು. ಕರು ಸುಖವಾಗಿದೆಯೋ ಇಲ್ಲವೋ ಅಂತ ಶಾಂತಮೂರ್ತಿ ತಿರುಗಿ ಕೇಳಿದ. ಕರು ಅಷ್ಟು ಹೊತ್ತಿಗೆ ಹಸುವಾಗಿ ಎರಡು ಕರು ಹಾಕಿತ್ತು.

ಇಂಥ ಶಾಂತಮೂರ್ತಿ ಅರವತ್ತೆರಡನೇ ವಯಸ್ಸಿನಲ್ಲಿ ಒಂದು ಸ್ಪೋರ್ಟ್ಸ್ ಕಾರು ಕೊಂಡುಕೊಂಡ. ಮೈಸೂರಿನಲ್ಲಿ ಯಾರೋ ಮಾರಿದ ಹಳೇ ಜರ್ಮನ್ ಗಾಡಿ, ಕೆಂಪು ಬಣ್ಣ, ಎರಡೇ ಸೀಟು. ಜೀವಮಾನವೆಲ್ಲ ಟಿಪ್ಪರ್ ಜೀಪುಗಳಲ್ಲಿ ಓಡಾಡಿದವನಿಗೆ ಒಂದು ಸಲ ನೆಲಕ್ಕೆ ಅಂಟಿಕೊಂಡು ಹೋಗಬೇಕು ಅನ್ನಿಸಿತಂತೆ. ಹೆಂಡತಿ ಬೈಯುತ್ತಾಳೆ ಅಂತ ಹೆದರಿದ್ದ. ಆಕೆ ಸೀಟು ಎಣಿಸಿ, ನಾದಿನಿಯರು ಯಾರೂ ಜೊತೆಗೆ ಬರುವ ಹಾಗಿಲ್ಲ ಅಂತ ತಿಳಿದು ಸಂತೋಷಪಟ್ಟಳು.

ಯಾವ ಆಯಿಲ್, ಎಷ್ಟು ಗಾಳಿ ಅಂತೆಲ್ಲ ಬರೆದು ಕಾರಿನ ಜೊತೆ ಕೊಡುವ ಪುಸ್ತಕ ಬರಲಿಲ್ಲ, ಹಿಂದಿನವನು ಕಳೆದುಹಾಕಿದ್ದ. ಆದರೆ ಪೂಜೆಗೆ ಏನೂ ಕಮ್ಮಿ ಮಾಡಲಿಲ್ಲ. ಮೊದಲ ದಿನವೇ ಮಾದಪ್ಪನ ಬೆಟ್ಟದ ವಿಭೂತಿ ತರಿಸಿ, ಗಾಡಿಯ ಪ್ರಾಣ ಇರುವುದು ಎಂಜಿನ್ನಿನಲ್ಲಿ ಅಂತ ಬಾನೆಟ್ಟು ಎತ್ತಿಸಿ, ಆಯಿಲ್ ಹಾಕುವ ಮುಚ್ಚಳದ ಮೇಲೆ ದಪ್ಪಗೆ ಮೂರು ಪಟ್ಟೆ ಬಳಿಸಿದ. ಆಯುಧಪೂಜೆಗೆ ಅದರ ಮೇಲೆ ಗಂಧ, ಅರಿಶಿನ, ಕುಂಕುಮ. ಎಂಜಿನ್ ಬಿಸಿಗೆ ಅದೆಲ್ಲ ಬೆಂದು ಒಳ್ಳೆ ಗಾರೆಯಾಗಿ ಕೂತಿತು.

ಎರಡು ವಾರದ ಹಿಂದೆ ಶಾಂತಮೂರ್ತಿ ಹನೂರಿನ ಕಡೆ ಹೊರಟವನು ಮಧುವನಹಳ್ಳಿಗೆ ಬಂದ. ಕಾರಿನ ಮುಂದಿನ ಚಕ್ರ ಹಂಪ್ಸ್ ದಾಟಿತು, ಹೊಟ್ಟೆ ದಾಟಲಿಲ್ಲ. ದಡ್ ಅಂತ ಸದ್ದಾಗಿ ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಒಡೆಯಿತು. ಒಳಗಿದ್ದ ಆಯಿಲೆಲ್ಲ ಅವನೇ ಹಾಕಿಸಿದ ಟಾರಿನ ಮೇಲೆ ಹರಿಯಿತು. ಊರಿನವರು ಎದುರಿಗೆ ನಗಲಿಲ್ಲ. ನಗುವುದಕ್ಕೆ ಒಬ್ಬೊಬ್ಬರಾಗಿ ಮನೆಯೊಳಗೆ ಹೋದರು.

ಆ ದಾರಿಯಲ್ಲಿ ಬರುತ್ತಿದ್ದ ಧನಗೆರೆಯ ಕೆಂಪನಂಜಪ್ಪ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕೆಂಪು ಕಾರನ್ನು ಮುತ್ತಯ್ಯನ ಹುಣಸೆಮರದವರೆಗೆ ಎಳೆದು ತಂದ. ಕೆಂಪನಂಜಪ್ಪ ಮುತ್ತಯ್ಯನ ಓರಗೆಯವನು, ಹಳೇ ಗಿರಾಕಿ. ಜೋಳದ ಹೊಲಕ್ಕೆ ಹಂದಿ ನುಗ್ಗದ ಹಾಗೆ ಸುತ್ತ ಕಟ್ಟುವ ಹಗ್ಗವನ್ನು ಅದ್ದುವುದಕ್ಕೆ ವೇಸ್ಟ್ ಆಯಿಲ್ ಬೇಕು ಅಂತ ತಿಂಗಳಿಗೊಮ್ಮೆ ಬರುತ್ತಿದ್ದ, ಬಂದವನು ಅರ್ಧ ದಿನ ಕೂತು ಹೋಗುತ್ತಿದ್ದ.

ಚೇಂಬರನ್ನು ಮೈಸೂರಿಗೆ ಕಳಿಸಿ ಬೆಸುಗೆ ಹಾಕಿಸಿ ತಂದದ್ದಾಯಿತು. ಇನ್ನು ಯಾವ ಆಯಿಲ್ ಹಾಕುವುದು? ಇಂಥ ಗಾಡಿಗೆ ಸಿಂಥೆಟಿಕ್ ಅನ್ನುವ ದುಬಾರಿ ಆಯಿಲೇ ಆಗಬೇಕು ಅನ್ನುವುದರಲ್ಲಿ ತಕರಾರಿರಲಿಲ್ಲ. ಸಿಂಥೆಟಿಕ್ಕಿನಲ್ಲೇ ತೆಳುವು ದಪ್ಪ ಅಂತ ಹತ್ತು ತರ ಇದ್ದವು. ಶಾಂತಮೂರ್ತಿ ಬರುವ ಸೋಮವಾರ ಹೆಂಡತಿಯನ್ನು ಕೂರಿಸಿಕೊಂಡು ತಾಳುಬೆಟ್ಟದ ತಿರುವುಗಳನ್ನು ಹತ್ತಿ ಮಾದಪ್ಪನ ದರ್ಶನ ಮಾಡಿ ಬರುತ್ತೇನೆ ಅಂತ ಹರಕೆ ಹೊತ್ತಿದ್ದ. ಹಾಗಾಗಿ ಎರಡನೇ ಅಭಿಪ್ರಾಯಕ್ಕೆ ನಟರಾಜುವನ್ನೂ ಕರೆಸಿದ.

ನಟರಾಜು ಆರು ವರ್ಷ ಮುತ್ತಯ್ಯನ ಹತ್ತಿರವೇ ಕೆಲಸ ಕಲಿತವನು. ಈಗ ಯಳಂದೂರು ರಸ್ತೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ವಂತ ಗ್ಯಾರೇಜು ಮಾಡಿದ್ದ. ಇದೇ ಹೆಸರಿನ ಕಾರಿಗೆ ಬೇರೆ ಬೇರೆ ಎಂಜಿನ್ ಬಂದಿದ್ದರಿಂದ ಅವನ ಫೋನು ನಾಲ್ಕು ಉತ್ತರ ಕೊಟ್ಟಿತ್ತು. ಅದರಲ್ಲಿ ಎಲ್ಲಕ್ಕಿಂತ ತೆಳುವಾದದ್ದನ್ನೇ ಹಾಕಬೇಕು, ಈಗಿನ ಕಾಲದ ಗಾಡಿಗೆಲ್ಲ ಅದೇ ಅಂತ ಅವನ ವಾದ. ಮುತ್ತಯ್ಯನಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವನ ಬಾಯಿ ಯಾವಾಗಲೂ ಅವನಿಗಿಂತ ಒಂದು ಹೆಜ್ಜೆ ಮುಂದೆ. ಫೋನು ಏನು ಬೇಕಾದರೂ ಹೇಳಲಿ, ಮುಚ್ಚಳದ ಒಳಗಡೆ ಹಳೇ ಆಯಿಲ್ ಅಂಟಿಕೊಂಡಿರುತ್ತೆ, ಅದನ್ನು ಮುಟ್ಟಿ, ಅದಕ್ಕೆ ಜೊತೆ ಯಾವುದು ಅಂತ ತನ್ನ ಬೆರಳೇ ಆರಿಸುತ್ತೆ ಅಂದುಬಿಟ್ಟ.

ನಟರಾಜು ತಕ್ಷಣ ಹಿಡಿದುಕೊಂಡ. ಸೋಮವಾರ ಬೆಳಿಗ್ಗೆ ಮೂರು ಲೋಟದಲ್ಲಿ ಮೂರು ಆಯಿಲ್ ಇಡುತ್ತೇನೆ, ಒಂದು ಟ್ರ್ಯಾಕ್ಟರಿನದು, ಎರಡು ಸಿಂಥೆಟಿಕ್. ಗುರುಗಳು ಆರಿಸಲಿ. ಆದರೆ ಗುರುಗಳ ಕಣ್ಣಿಗೆ ಟವಲ್ಲು ಕಟ್ಟಬೇಕು. ಆರು ವರ್ಷ ಜೊತೆಗಿದ್ದವನಿಗೆ ಆ ಕಣ್ಣು ಮಾಡುವ ಕೆಲಸ ಗೊತ್ತಿತ್ತು. ತಪ್ಪಾದರೆ ಇನ್ನು ಗೇಜು ಕಡ್ಡಿ ಮುಟ್ಟುವುದಿಲ್ಲ ಅಂತ ಮುತ್ತಯ್ಯನೇ ತಾನಾಗಿ ಸೇರಿಸಿದ. ಲೋಟ ವಾಲಿಸಿ, ಹರಿಯುವ ರೀತಿ ನೋಡಿ ಹೇಳಿಬಿಡೋಣ ಅಂತ ಅವನ ಲೆಕ್ಕಾಚಾರವಿತ್ತು. ಟವಲ್ಲು ಅಂದಾಗಲೇ ಅದು ಕೆಟ್ಟಿತ್ತು, ಅಷ್ಟರಲ್ಲಿ ಬಾಯಿ ಆಡಿ ಮುಗಿಸಿತ್ತು.

ಕುಸುಮ ಅವತ್ತು ಅವನಿಗೆ ಬೈಯಲಿಲ್ಲ. ಅದು ಅವನಿಗೆ ಇನ್ನೂ ಕಷ್ಟವಾಯಿತು.

ಸೋಮವಾರ ಬೆಳಿಗ್ಗೆ ಹುಣಸೆಮರದ ಕೆಳಗೆ ಕೂರಲು ಜಾಗವಿರಲಿಲ್ಲ. ಕೆಂಪನಂಜಪ್ಪ ವೇಸ್ಟ್ ಆಯಿಲಿನ ಖಾಲಿ ಡಬ್ಬ ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಬಂದಿದ್ದ. ಶಾಂತಮೂರ್ತಿಯ ಹೆಂಡತಿ ರೇಷ್ಮೆ ಸೀರೆ ಉಟ್ಟು, ಪೂಜೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೊರಡಲು ಸಿದ್ಧವಾಗಿ ಆಗಲೇ ಕಾರಿನೊಳಗೆ ಕೂತಿದ್ದಳು. ನಟರಾಜು ಮುಚ್ಚಳ ಬಿಚ್ಚಿದ. ಲ್ಯಾಪ್‌ಟಾಪ್ ಇಟ್ಟುಕೊಂಡವನಾದರೂ ಮೊದಲು ಆ ವಿಭೂತಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ, ಒಂದು ಚೂರೂ ಉದುರದ ಹಾಗೆ ಬಟ್ಟೆ ಸುತ್ತಿ ತಿರುಗಿಸಿ, ಮುತ್ತಯ್ಯನ ಎಡಗೈಗೆ ಕೊಟ್ಟ. ಕಣ್ಣಿಗೆ ಟವಲ್ಲು ಬಿಗಿದ.

ಮುತ್ತಯ್ಯ ಮುಚ್ಚಳದ ಒಳಗೆ ಹೆಬ್ಬೆರಳಾಡಿಸಿದ. ಏನೂ ಗೊತ್ತಾಗಲಿಲ್ಲ. ಮೊದಲನೇ ಲೋಟಕ್ಕೆ ಬೆರಳಿಟ್ಟ. ಅದು ಟ್ರ್ಯಾಕ್ಟರಿನದು, ಬೆರಳು ಸತ್ತಿದ್ದರೂ ಮೂಗು ಬದುಕಿತ್ತು. ಇದಲ್ಲ ಅಂದ. ಜನ ತಲೆದೂಗಿದರು. ಎರಡನೆಯದಕ್ಕೆ ಇಟ್ಟ, ಮೂರನೆಯದಕ್ಕೆ ಇಟ್ಟ. ಎರಡಕ್ಕೂ ವಾಸನೆ ಒಂದೇ, ಬೆರಳಿಗೆ ಎರಡೂ ಒಂದೇ. ಒಂದು ವರ್ಷ ಊಹೆಯಲ್ಲೇ ಬದುಕಿದವನಿಗೆ ಇನ್ನೊಂದು ಊಹೆ ದೊಡ್ಡದಾಗಿರಲಿಲ್ಲ. ಎರಡರಲ್ಲಿ ಒಂದು, ಅಷ್ಟೇ. ಎರಡನೆಯದು ಅಂದುಬಿಡೋಣ ಅಂತ ಬಾಯಿ ತೆರೆದಿದ್ದ.

ಅಷ್ಟರಲ್ಲಿ ಕಾರಿನೊಳಗಿಂದ ಶಾಂತಮೂರ್ತಿಯ ಹೆಂಡತಿ ಹೇಳಿದಳು, "ನಿಧಾನಕ್ಕೆ ನೋಡಪ್ಪ ಮುತ್ತಯ್ಯ. ಘಾಟಿ ಅಂದ್ರೆ ನಂಗೆ ಜೀವ್ವೇ ಓಯ್ತದೆ. ನಿನ್ ಬೆರಳು ಮುಟ್ಟೀದೆ ಅಂದ್ರೆ ಕಣ್ಮುಚ್ಕಂಡು ಕೂತ್ಕತೀನಿ."

ಮುತ್ತಯ್ಯನ ಬಾಯಿ ಜೀವನದಲ್ಲಿ ಮೊದಲ ಸಲ ಮುಚ್ಚಿಕೊಂಡಿತು. ಕಣ್ಣು ಕಟ್ಟಿದ ಕತ್ತಲಲ್ಲಿ ಅವನಿಗೆ ಆ ತಿರುವುಗಳು ಕಂಡವು, ಎಂಜಿನ್ ಜಾಮಾಗಿ ನಿಂತ ಕಾರು ಕಂಡಿತು, ಬುಟ್ಟಿ ಹಿಡಿದುಕೊಂಡ ಆ ಹೆಂಗಸು ಕಂಡಳು. ಟವಲ್ಲು ಬಿಚ್ಚಿದ.

"ಅವ್ವ, ನನ್ ಬೆರಳು ಸತ್ತು ಒಂದ್ ವರ್ಸ ಆಯ್ತು," ಅಂದ. "ಬಿಸಿ ಯಾವ್ದು ತಣ್ಣಗಿರೋದ್ ಯಾವ್ದು ಅಂತ್ಲೂ ಗೊತ್ತಾಗಲ್ಲ. ಇವೆರಡ್ರಲ್ಲಿ ಯಾವ್ದು ಅಂತ ನಂಗೊತ್ತಿಲ್ಲ."

ಗೆಲ್ಲಬೇಕು ಅಂತಲೇ ಬಂದಿದ್ದ ನಟರಾಜುವಿಗೆ ಗೆದ್ದ ಮೇಲೆ ಕೈ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮುತ್ತಯ್ಯನಿಗೆ ಅವಮಾನವಾಯಿತು. ಒಂದು ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದು ಉಸಿರೂ ಸಲೀಸಾಯಿತು. ಅವನ ಕಣ್ಣು ಒದ್ದೆಯಾಗಿತ್ತು.

ಕುಸುಮ ಎಲ್ಲರಿಗೂ ಟೀ ತಂದಿದ್ದಳು. ತಟ್ಟೆಯನ್ನು ಕೆಳಗಿಟ್ಟು ಗಂಡನ ಪಕ್ಕ ಬಂದು ನಿಂತಳು. ಅವನ ಮುಖ ನೋಡಲಾಗದೆ ಕೈ ನೋಡಿದಳು. ಎಡಗೈಯಲ್ಲಿ ಮುಚ್ಚಳ ಇನ್ನೂ ಹಾಗೇ ಇತ್ತು. ಗಾರೆಯಂಥ ವಿಭೂತಿಯ ಅಂಚು ಒಂದು ಕಡೆ ಬಿರುಕು ಬಿಟ್ಟಿತ್ತು, ಅದರ ಕೆಳಗೆ ಬಿಳಿ ಗೆರೆಯೊಂದು ಇಣುಕುತ್ತಿತ್ತು. ಇದರ ಮೇಲೆ ಏನೋ ಬರೆದ ಹಾಗಿದೆಯಲ್ಲ ಅಂದಳು. ಮುಚ್ಚಳ ಕಿತ್ತುಕೊಂಡು ನೀರಿನ ಕೊಡದ ಕಡೆ ಹೊರಟಳು.

ಗಂಡಸರೆಲ್ಲ ಒಟ್ಟಿಗೆ ಎದ್ದು ನಿಂತರು. ಮಾದಪ್ಪನ ವಿಭೂತಿ, ಹಾಗೆಲ್ಲ ತೊಳೆಯಬಾರದು ಅಂತ ಶಾಂತಮೂರ್ತಿ ಕೈ ಅಡ್ಡ ಹಿಡಿದ.

"ಸೋಮಾರ ಸೋಮಾರ ದೇವ್ರನ್ನೇ ತೊಳೀತೀನಿ ಸಾ," ಅಂದಳು ಕುಸುಮ. "ಮುಚ್ಚಳ ದೇವ್ರಿಗಿಂತ ದೊಡ್ಡದಾ?"

ಶಾಂತಮೂರ್ತಿ ಅಡ್ಡ ಹಿಡಿದ ಕೈ ತೆಗೆದ. ಅವಳು ಮರದ ಕೆಳಗೆ ಬಿದ್ದಿದ್ದ ಹುಣಸೆಹಣ್ಣನ್ನೇ ಹಚ್ಚಿ, ದೀಪದ ಕಂಬ ಬೆಳಗುವ ಹಾಗೆ ಮುಚ್ಚಳವನ್ನು ಬೆಳಗಿದಳು. ತೊಳೆದ ನೀರನ್ನು ನೆಲಕ್ಕೆ ಚೆಲ್ಲದೆ ತಟ್ಟೆಯಲ್ಲಿ ಹಿಡಿದು, ತುಳಸಿಗಿಡದ ಬುಡಕ್ಕೆ ಹಾಕಿ ಬಂದಳು. ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದಳು. ಐದು, ಆಮೇಲೆ ಇಂಗ್ಲಿಷಿನ ಡಬ್ಲ್ಯೂ, ಆಮೇಲೆ ನಲವತ್ತು. ಜರ್ಮನಿಯವನು ಯಾವ ಆಯಿಲ್ ಹಾಕಬೇಕು ಅಂತ ಮುಚ್ಚಳದ ಮೇಲೇ ಅಚ್ಚು ಹೊಡೆದು ಕಳಿಸಿದ್ದ. ಮೂರು ದಿನದ ಜಗಳ, ನಾಲ್ಕು ಉತ್ತರದ ಫೋನು, ಕಣ್ಣಿಗೆ ಟವಲ್ಲು, ಎಲ್ಲ ನಡೆದದ್ದು ಆ ಮುಚ್ಚಳವನ್ನು ಎದುರಿಗೇ ಇಟ್ಟುಕೊಂಡು.

ನಟರಾಜು ಡಬ್ಬಗಳನ್ನು ತಂದು ತಾಳೆ ನೋಡಿದ. ಅದೇ ಅಂಕಿ ಎರಡನೇ ಲೋಟದ ಡಬ್ಬದ ಮೇಲಿತ್ತು. ಅವನು ಹಟ ಹಿಡಿದಿದ್ದ ತೆಳು ಆಯಿಲ್ ಮೂರನೆಯದು. ಅದನ್ನು ಹಾಕಿದ್ದರೆ ಘಾಟಿಯ ಬಿಸಿಗೆ ಈ ಎಂಜಿನ್ನಿಗೆ ಸಾಲದಷ್ಟು ತೆಳ್ಳಗಾಗಿಬಿಡುತ್ತಿತ್ತು ಅಂತ ಅವನೇ ಮೆಲ್ಲಗೆ ಒಪ್ಪಿಕೊಂಡ. ಗುರುಗಳ ಮುಖ ನೋಡಲಿಲ್ಲ.

"ಮುಚ್ಚಳದ್ ಮ್ಯಾಲೂ ಬರ್ದದೆ, ಡಬ್ಬದ್ ಮ್ಯಾಲೂ ಬರ್ದದೆ," ಅಂದಳು ಕುಸುಮ. "ನಿಮ್ ಬೆರಳು ಇದ್ರಲ್ಲೇನ್ ಕಿಸೀಬೇಕಿತ್ತು?"

ಮುತ್ತಯ್ಯ ನಗಲು ನೋಡಿದ, ಆಗಲಿಲ್ಲ. ನಿಜವಾದ ಮಾತೇ. ಹಾಗಾದರೆ ಇನ್ನು ಯಾರಾದರೂ ಯಾಕೆ ಬರುತ್ತಾರೆ, ಬೋರ್ಡು ಬಿಚ್ಚಿ ಒಲೆಗೆ ಹಾಕುತ್ತೇನೆ ಅಂದ.

ಆಗ ಕೆಂಪನಂಜಪ್ಪ ತನ್ನ ಖಾಲಿ ಡಬ್ಬವನ್ನು ಕೆಳಗಿಟ್ಟ.

"ಲೇ ಮುತ್ತ, ನಿನ್ ಬೆರಳು ಸತ್ತಿರೋದು ನಂಗೆ ಓದ್ ದೀಪಾವಳೀಲೇ ಗೊತ್ತು ಕಣ್ಲಾ," ಅಂದ. "ಅನುಮಾನ ಬಂದು, ಹರಳೆಣ್ಣೆಗೆ ಮಸಿ ಕಲ್ಸಿ ಗೇಜು ಕಡ್ಡಿಗೆ ಸವರ್ಕಂಡು ಬಂದಿದ್ದೆ. ನೀನು ಉಜ್ಜೀ ಉಜ್ಜೀ, ನಿನ್ ಚಿಕ್ ಮಗ ಗಾಡೀನ ಜೋರಾಗ್ ಓಡಿಸ್ತಾವ್ನೆ ಅಂದೆ."

ಹಿಂದೆ ಯಾರೋ ಕಿಸಕ್ಕೆಂದರು. ಧನಗೆರೆಯವರಿಗೆಲ್ಲ ಈ ಸುದ್ದಿ ಆಗಲೇ ಗೊತ್ತಿತ್ತು ಅಂತ ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

"ಮತ್ತ್ಯಾಕ್ ಬತ್ತಿದ್ದೆ?" ಅಂತ ಮುತ್ತಯ್ಯ ಕೇಳಿದ.

"ಚಿಕ್ಕೋನು ನಾನ್ ಏಳುದ್ರೆ ಕೇಳಲ್ಲ. ಆಯಿಲ್ ಏಳ್ತು ಅಂದ್ರೆ ಕೇಳ್ತಾನೆ. ಅವತ್ತಿಂದ ನಿಧಾನಕ್ ಓಡುಸ್ತಾವ್ನೆ. ಆಯಿಲ್ ಯಾರ್ ಬೇಕಾದ್ರೂ ಆಕ್ತಾರೆ ಕಣ್ಲಾ, ಇದ್ನ ಯಾರ್ ಏಳ್ತಾರೆ?"

ಮುತ್ತಯ್ಯ ತನ್ನ ಹೆಬ್ಬೆರಳನ್ನು ಸ್ವಲ್ಪ ಹೊತ್ತು ನೋಡಿಕೊಂಡ. ಆಮೇಲೆ ಎದ್ದು, ನಟರಾಜುವನ್ನು ಹತ್ತಿರ ಕರೆದು, ಎರಡನೇ ಲೋಟದ ಡಬ್ಬ ತೆಗೆದುಕೊಳ್ಳಲು ಹೇಳಿದ. ಇಬ್ಬರೂ ಸೇರಿ ಆಯಿಲ್ ತುಂಬಿಸಿದರು. ಕುಸುಮ ಹೊಸದಾಗಿ ವಿಭೂತಿ ಇಟ್ಟಳು, ಈ ಸಲ ಅಂಕಿ ಬಿಟ್ಟು ಪಕ್ಕಕ್ಕೆ ಒಂದೇ ಒಂದು ಬೊಟ್ಟು. ಎಂಜಿನ್ ಹದವಾಗಿ ಗುರುಗುಟ್ಟಿತು. ಎಂಜಿನ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮಟ್ಟ ನೋಡಲು ಶಾಂತಮೂರ್ತಿ ತಾನೇ ಗೇಜು ಕಡ್ಡಿ ಎಳೆದ. ಎಳೆದವನು ಸುತ್ತ ನೋಡಿ, ಅದನ್ನು ಮುತ್ತಯ್ಯನ ಮುಂದೆ ಹಿಡಿದ. ಆದರೂ ನೀನು ಒಂದು ಸಲ ನೋಡಿಬಿಡು ಅಂದ.

ಮುತ್ತಯ್ಯ ಕೆಂಪನಂಜಪ್ಪನ ಕಡೆ ನೋಡಿದ. ಕೆಂಪನಂಜಪ್ಪ ಹುಣಸೆಮರದ ಕೊಂಬೆಗಳನ್ನು ಎಣಿಸುತ್ತಿದ್ದ. ಮುತ್ತಯ್ಯ ಆಯಿಲನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದ. ಕಣ್ಣು ಮುಚ್ಚಿದ. ಮೊದಲಿಗಿಂತಲೂ ಹೆಚ್ಚು ಹೊತ್ತು ಮುಚ್ಚಿಕೊಂಡೇ ಇದ್ದ.

"ಆಯಿಲ್ ಸರಿಯಾಗದೆ ಸಾ," ಅಂದ. "ಆದ್ರೆ ಮಧುವನಹಳ್ಳಿ ಹಂಪ್ಸ್ ಇರೋಗಂಟ ಈ ಎಂಜಿನ್ ಉಳಿಯಲ್ಲ ಅಂತ ಏಳ್ತದೆ."

ಶಾಂತಮೂರ್ತಿ ಆ ಬೆರಳನ್ನೇ ನೋಡಿದ. ಅದು ಸತ್ತು ವರ್ಷವಾಯಿತು ಅಂತ ಅವನೂ ಈಗಷ್ಟೇ ಎಲ್ಲರ ಜೊತೆ ಕೇಳಿದ್ದ. ಏನೋ ಹೇಳಲು ಬಾಯಿ ತೆರೆದ. ಅದಕ್ಕಿಂತ ಮೊದಲು ಕಾರಿನೊಳಗಿಂದ ಅವನ ಹೆಂಡತಿ, ಕೇಳಿಸಿಕೊಂಡಿರಾ, ಆಯಿಲೇ ಹೇಳುತ್ತಿದೆ ಅಂದಳು. ಆಕೆಯ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಮರದ ಕೆಳಗಿದ್ದವರೆಲ್ಲ ಗಂಭೀರವಾಗಿ ತಲೆಯಾಡಿಸಿದರು, ನಟರಾಜು ಎಲ್ಲರಿಗಿಂತ ಜೋರಾಗಿ. ಶಾಂತಮೂರ್ತಿ ಬಾಯಿ ಮುಚ್ಚಿಕೊಂಡು ಕಾರು ಹತ್ತಿದ. ಅವತ್ತು ಮಧುವನಹಳ್ಳಿಯಲ್ಲಿ ಹೆಂಡತಿಯನ್ನು ಇಳಿಸಿ, ಊರಿನ ಇಬ್ಬರ ಕೈಲಿ ದಾರಿ ಹೇಳಿಸಿಕೊಂಡು, ಹಂಪ್ಸನ್ನು ಓರೆಯಾಗಿ ದಾಟಿಸಿದನಂತೆ. ಬೆಟ್ಟ ಹತ್ತಿ ಇಳಿದು ಸುಖವಾಗಿ ಬಂದರು.

ಆ ಗುರುವಾರ ಮಧುವನಹಳ್ಳಿಗೆ ಅವನ ರೋಲರ್ ಬಂತು.

ಭಾನುವಾರ ಮುತ್ತಯ್ಯ ಕುಸುಮಳನ್ನು ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಅವಳ ತವರಿಗೆ ಹೊರಟ. ಊರು ಹತ್ತಿರವಾಗುತ್ತಲೇ ಅವಳು ಅಭ್ಯಾಸಬಲದಿಂದ ಹಲ್ಲು ಕಚ್ಚಿ, ಅವನ ಭುಜವನ್ನು ಬಿಗಿಯಾಗಿ ಹಿಡಿದುಕೊಂಡಳು. ಮೊಪೆಡ್ಡು ಸಪಾಟಾದ ಹೊಸ ಟಾರಿನ ಮೇಲೆ ಸುಮ್ಮನೆ ಹೋಯಿತು. ಅವಳು ಭುಜದ ಮೇಲಿಂದ ಕೈ ತೆಗೆಯಲಿಲ್ಲ. ಆಯಿಲ್ ನಿಜವಾಗಿಯೂ ಏನು ಹೇಳಿತು ಅಂತ ಹಿಂದಿನಿಂದ ಕೇಳಿದಳು. ನಿನ್ನ ಸೊಂಟದ ವಿಚಾರ ಹೇಳಿತು ಅಂದ ಮುತ್ತಯ್ಯ.